ಮೌಢ್ಯವೆಂಬ ತಪ್ಪು ರೋಗನಿದಾನ

ಆದಿವಾಸಿಗಳ ಹಾಡಿಯಲ್ಲಿ ಬಾಣಂತಿಯೊಬ್ಬಳು ತೀರಿಕೊಂಡರೆ, ಸೋಲಿಗರ ಪೋಡಿನಲ್ಲಿ ಹಸುಗೂಸೊಂದು ಕಣ್ಮುಚ್ಚಿದರೆ, ಮಾರನೆಯ ದಿನದ ಸುದ್ದಿಯಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ: ಆಸ್ಪತ್ರೆಗೆ ಬರಲು ಆದಿವಾಸಿಗಳ ಹಿಂದೇಟು. ಕಾರಣವೂ ಜೊತೆಯಲ್ಲೇ ಇರುತ್ತದೆ: ಮೌಢ್ಯ, ಅನಕ್ಷರತೆ, ತಿಳಿವಳಿಕೆಯ ಕೊರತೆ. ಪರಿಹಾರವೂ ಸಿದ್ಧವಾಗಿರುತ್ತದೆ: ಜಾಗೃತಿ ಶಿಬಿರ, ಬೀದಿನಾಟಕ, ಕರಪತ್ರ. ಅಧಿಕಾರಿಗಳ ಸಭೆಯಲ್ಲಿ, ವೈದ್ಯಕೀಯ ವಿದ್ಯಾರ್ಥಿಗಳ ಹಳ್ಳಿ ಭೇಟಿಯ ವರದಿಯಲ್ಲಿ, ಪತ್ರಿಕೆಗಳ ಸಂಪಾದಕೀಯದಲ್ಲಿ ಈ ಮಾತು ಸವೆದು ನುಣುಪಾಗಿದೆ. ಎಷ್ಟು ನುಣುಪಾಗಿದೆಯೆಂದರೆ, ನಿಜವೇ ಸುಳ್ಳೇ ಎಂದು ಅದನ್ನು ಒರೆಗೆ ಹಚ್ಚುವವರೇ ಇಲ್ಲ.

ಇದನ್ನು ಹೇಳುವವರೆಲ್ಲ ಕೆಟ್ಟವರಲ್ಲ. ಹಗಲಿರುಳು ದುಡಿಯುವ ವೈದ್ಯರು, ಮಳೆಯಲ್ಲಿ ಹಾಡಿಯಿಂದ ಹಾಡಿಗೆ ನಡೆಯುವ ನರ್ಸಮ್ಮಂದಿರು, ಕಾಳಜಿಯುಳ್ಳ ಪತ್ರಕರ್ತರು ಕೂಡ ಹೀಗೆಯೇ ನಂಬಿದ್ದಾರೆ. ಆದ್ದರಿಂದಲೇ ಈ ನಂಬಿಕೆಯನ್ನು ಖಂಡಿಸಬೇಕಾಗಿದೆ. ಒಳ್ಳೆಯವರ ಬಾಯಲ್ಲಿ ನಿಂತ ತಪ್ಪು ಮಾತು ಕೆಟ್ಟವರ ಮಾತಿಗಿಂತ ಹೆಚ್ಚು ಕಾಲ ಬಾಳುತ್ತದೆ. ಕಾಡಿನ ಜನ, ಅಲೆಮಾರಿಗಳು, ವಲಸೆ ಕೂಲಿಗಳು, ಬೇರೆ ಭಾಷೆಯವರು, ಬೇರೆ ಧರ್ಮದವರು ಆಸ್ಪತ್ರೆಯಿಂದ ದೂರ ಉಳಿದರೆ ಅದಕ್ಕೆ ಅವರ ಸಂಸ್ಕೃತಿಯೇ ಅಡ್ಡಿ ಎಂಬ ವಾದ ತಪ್ಪು. ಆಸ್ಪತ್ರೆ ಅವರನ್ನು ನಡೆಸಿಕೊಳ್ಳುವ ರೀತಿಯೇ ದೊಡ್ಡ ಅಡ್ಡಿ. ರೋಗಿಯನ್ನು ಗೌರವದಿಂದ ಕಾಣುವುದು ಚಿಕಿತ್ಸೆಯ ಮೇಲೆ ಇಟ್ಟ ಅಲಂಕಾರವೆಂದು ನಾವು ತಿಳಿದಿದ್ದೇವೆ. ಅದು ಚಿಕಿತ್ಸೆಯ ಭಾಗ. ಅದಿಲ್ಲದ ಕಡೆ ಔಷಧಿಯೂ ರೋಗಿಯನ್ನು ಮುಟ್ಟುವುದಿಲ್ಲ.

ಮೌಢ್ಯವೇ ಕಾರಣವೆನ್ನುವ ಈ ‘ಮೌಢ್ಯವಾದ’ವನ್ನು ಪರೀಕ್ಷಿಸಲು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ನಡೆದ ಒಂದು ಕೆಲಸವನ್ನು ನೋಡಬೇಕು. ಅಲ್ಲಿನ ಆಂಡಿಸ್ ಬೆಟ್ಟಸೀಮೆಯ ಆಯಾಕುಚೊ ಪ್ರದೇಶದಲ್ಲಿ ಕೆಚುವಾ ಭಾಷೆಯ ಮೂಲನಿವಾಸಿಗಳಿದ್ದಾರೆ. ಒಂದು ಜಿಲ್ಲೆಯಲ್ಲಿ 1999ರಲ್ಲಿ ನೂರರಲ್ಲಿ ಆರು ಹೆರಿಗೆಗಳು ಮಾತ್ರ ಆರೋಗ್ಯ ಕೇಂದ್ರದಲ್ಲಿ ಆಗುತ್ತಿದ್ದವು. ನಮ್ಮಲ್ಲಿ ಹೇಳುವಂತೆ ಅಲ್ಲಿಯೂ ‘ಅವರಿಗೆ ತಿಳಿವಳಿಕೆ ಇಲ್ಲ’ ಎಂದು ಸುಮ್ಮನಾಗಬಹುದಿತ್ತು. ಕೆಲಸ ಮಾಡಿದವರು ಹಾಗೆ ಮಾಡದೆ ಹೆಂಗಸರನ್ನು, ಸೂಲಗಿತ್ತಿಯರನ್ನು ಕೂರಿಸಿಕೊಂಡು ನಿಮಗೆ ಏನು ಬೇಕು ಎಂದು ಕೇಳಿದರು. ಬಂದ ಉತ್ತರದಂತೆ ಹೆರಿಗೆ ಕೋಣೆಯನ್ನು ಬದಲಿಸಿದರು. ನೆಟ್ಟಗೆ ಕೂತು ಹೆರಲು ಒಂದು ಬೆಂಚು, ಹಿಡಿದುಕೊಳ್ಳಲು ಒಂದು ಹಗ್ಗ, ಪಕ್ಕದಲ್ಲಿ ಮನೆಯವರು ಮತ್ತು ಸೂಲಗಿತ್ತಿ, ಸಿಬ್ಬಂದಿಯ ಬಾಯಲ್ಲಿ ಕೆಚುವಾ ಮಾತು. ಮುಖ್ಯವಾಗಿ ಮಾಡಿದ್ದು ಇಷ್ಟು. 2007ರ ಹೊತ್ತಿಗೆ ನೂರಕ್ಕೆ 83 ಹೆರಿಗೆಗಳು ಆರೋಗ್ಯ ಕೇಂದ್ರದಲ್ಲಿ ಆದವು. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2009ರಲ್ಲಿ ಇದರ ವಿವರ ಪ್ರಕಟವಾಯಿತು. ಕೂತು ಹೆರುವ ಪದ್ಧತಿಗೆ ಪೆರು ಸರ್ಕಾರ 2005ರಲ್ಲೇ ರಾಷ್ಟ್ರೀಯ ನಿಯಮಾವಳಿ ಹೊರಡಿಸಿತ್ತು.

ಈ ಎಂಟು ವರ್ಷಗಳಲ್ಲಿ ಕೆಚುವಾ ಜನ ತಮ್ಮ ನಂಬಿಕೆಗಳನ್ನು ಬಿಟ್ಟುಬಿಡಲಿಲ್ಲ. ಅವರು ಅದೇ ಬೆಟ್ಟದ ಜನ, ಅದೇ ದೇವರು, ಅದೇ ಮಾತು. ಬದಲಾದದ್ದು ಆಸ್ಪತ್ರೆ. ಅವರ ಸಂಸ್ಕೃತಿಯೇ ಅಡ್ಡಿಯಾಗಿದ್ದರೆ ಒಂದು ಹಗ್ಗ, ಒಂದು ಬೆಂಚಿನಿಂದ ಈ ಬದಲಾವಣೆ ಆಗಲು ಸಾಧ್ಯವಿರಲಿಲ್ಲ. ಮೌಢ್ಯವಾದವನ್ನು ಹಿಡಿದು ಕೂತವರು ಮೊದಲು ಈ ಆರು ಮತ್ತು ಎಂಬತ್ತಮೂರಕ್ಕೆ ಉತ್ತರ ಕೊಡಲಿ.

ಅಷ್ಟು ದೂರ ಹೋಗುವುದೂ ಬೇಡ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ 1986ರಲ್ಲಿ ‘ಸರ್ಚ್’ ಸಂಸ್ಥೆ ಕಟ್ಟಿದರು. ಅಲ್ಲಿನ ಗೊಂಡ ಆದಿವಾಸಿಗಳು ದೊಡ್ಡ ಕಟ್ಟಡದ ಆಸ್ಪತ್ರೆಗೆ ಹೆದರುತ್ತಾರೆಂದು ತಿಳಿದಾಗ, ಅವರನ್ನೇ ಕೇಳಿ ಆಸ್ಪತ್ರೆಯನ್ನು ಗುಡಿಸಲುಗಳ ಹಳ್ಳಿಯಂತೆ ಕಟ್ಟಿದರು. ರೋಗಿಯ ಜೊತೆ ಮನೆಯವರು ಉಳಿಯಬಹುದು. ಆಸ್ಪತ್ರೆಗೆ ಜನರೇ ತಮ್ಮ ದೇವತೆ ದಂತೇಶ್ವರಿಯ ಹೆಸರಿಟ್ಟರು. ಆಸ್ಪತ್ರೆಗೆ ಅಂಜುವವರೆನಿಸಿಕೊಂಡ ಜನ ಆ ಆಸ್ಪತ್ರೆಗೆ ಬಂದರು. ನಮ್ಮದೇ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. ಅಲ್ಲಿ ಸೋಲಿಗ ಆದಿವಾಸಿಗಳ ಗಿಡಮೂಲಿಕೆಯ ತಿಳಿವಳಿಕೆಯನ್ನು ಹೀಗಳೆಯದೆ ಆಸ್ಪತ್ರೆ ನಡೆಯಿತು, ಆದಿವಾಸಿ ಹೆಣ್ಣುಮಕ್ಕಳಿಗೇ ಸಹಾಯಕ ನರ್ಸ್–ಸೂಲಗಿತ್ತಿಯ, ಅಂದರೆ ಎಎನ್‌ಎಂ ತರಬೇತಿ ಕೊಡಲಾಯಿತು. 1984ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆಯ ಕಾಡಂಚಿನ ಜೇನುಕುರುಬ, ಕಾಡುಕುರುಬರ ನಡುವೆ ಬೇರೂರಿತು. ದಾರಿ ಯಾವುದೆಂದು ಈ ನಾಡಿಗೆ ನಲವತ್ತು ವರ್ಷಗಳಿಂದ ಗೊತ್ತಿದೆ. ಗೊತ್ತಿದ್ದೂ ಸರ್ಕಾರಿ ವ್ಯವಸ್ಥೆ ಅದನ್ನು ತನ್ನ ರೂಢಿಯಾಗಿಸಿಕೊಳ್ಳಲಿಲ್ಲ. ಜಾಗೃತಿ ಶಿಬಿರ ನಡೆಸುವುದು ಸುಲಭ. ಅದರಲ್ಲಿ ಬದಲಾಗಬೇಕಾದವರು ಎದುರಿಗೆ ಕೂತವರು ಮಾತ್ರ.

ಈಗ ನಮ್ಮ ಹೆರಿಗೆ ವಾರ್ಡಿನ ರೂಢಿಗಳನ್ನು ನೋಡೋಣ. ಸೋಲಿಗ ಹೆಂಗಸರು ಕುಕ್ಕರುಗಾಲಲ್ಲಿ ಕೂತು ಹೆರುತ್ತಿದ್ದರು. ಆಸ್ಪತ್ರೆಯಲ್ಲಿ ಅವರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಕಾಲು ಮೇಲೆತ್ತಿ ಕಟ್ಟುತ್ತಾರೆ. ಅಮ್ಮನನ್ನಾಗಲಿ ಅತ್ತೆಯನ್ನಾಗಲಿ ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಕೂದಲು ಬೋಳಿಸುವುದು, ಎನಿಮಾ ಕೊಡುವುದು, ಅಗತ್ಯವಿರಲಿ ಬಿಡಲಿ ಕತ್ತರಿ ಹಾಕಿ ಹೊಲಿಗೆ ಹಾಕುವುದು, ಹೊಟ್ಟೆಯ ಮೇಲೆ ಒತ್ತುವುದು ಇವೆಲ್ಲ ಬಹಳ ಕಡೆ ‘ಪದ್ಧತಿ’. ಪ್ರಸವ ಕಾಲದ ಆರೈಕೆ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಏನು ಹೇಳುತ್ತದೆ? ಯಾವ ಭಂಗಿಯಲ್ಲಿ ಹೆರಬೇಕೆಂಬುದು ಹೆಂಗಸಿನ ಆಯ್ಕೆ. ಅವಳು ಬಯಸಿದವರು ಜೊತೆಯಲ್ಲಿರಬೇಕು. ಬೋಳಿಸುವುದು, ಎನಿಮಾ, ಎಲ್ಲರಿಗೂ ಕತ್ತರಿ, ಹೊಟ್ಟೆ ಒತ್ತುವುದು ಯಾವುದೂ ಬೇಡ. ಅಂದರೆ ಸೋಲಿಗ ಅಜ್ಜಿ ಕೇಳುತ್ತಿದ್ದದ್ದನ್ನೇ ಇಂದಿನ ವಿಜ್ಞಾನವೂ ಹೇಳುತ್ತಿದೆ. ವಿಜ್ಞಾನದ ಹೆಸರಿನಲ್ಲಿ ಆಸ್ಪತ್ರೆ ಹಿಡಿದುಕೊಂಡಿರುವುದು ತನ್ನ ಹಳೆಯ ಆಚಾರವನ್ನು.

ಹೆರಿಗೆಯ ಹೊತ್ತಿನಲ್ಲಿ ಬೇಕಾದವರೊಬ್ಬರು ಪಕ್ಕದಲ್ಲಿದ್ದರೆ ಏನಾಗುತ್ತದೆ ಎಂಬುದನ್ನೂ ಅಳೆದು ನೋಡಿದ್ದಾರೆ. 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಅಧ್ಯಯನಗಳನ್ನು ಕೊಕ್ರೇನ್ ಸಂಸ್ಥೆಯ ಪರಾಮರ್ಶೆ 2017ರಲ್ಲಿ ಒಟ್ಟಿಗೆ ನೋಡಿತು. ಜೊತೆಗಿದ್ದು ನೋಡಿಕೊಂಡ ಕಡೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಕಡಿಮೆ ಎಂದು ಕಂಡಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಸಂಗಾತಿಗೆ ಅವಕಾಶ ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. 2017ರ ಡಿಸೆಂಬರಿನಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮದ ಗುರಿಗಳಲ್ಲಿ ಗೌರವಪೂರ್ಣ ಹೆರಿಗೆ ಆರೈಕೆಯೂ ಒಂದು. ಕಾಗದದ ಮೇಲೆ ಎಲ್ಲವೂ ಇದೆ. ವಾರ್ಡಿನ ಬಾಗಿಲಲ್ಲಿ ಮಾತ್ರ ಅಮ್ಮ ಈಗಲೂ ಹೊರಗೇ ನಿಂತಿದ್ದಾಳೆ. ಇದು ಯಾರ ತಿಳಿವಳಿಕೆಯ ಕೊರತೆ?

ನಡೆಸಿಕೊಳ್ಳುವ ರೀತಿ ಎಂದೆ. ಅದನ್ನು ಬಿಡಿಸಿ ಹೇಳಬೇಕು. ಕಾಫಿ ತೋಟದ ಮಾಲೀಕರು ಬಂದರೆ ‘ಕೂತ್ಕೊಳ್ಳಿ ಸಾರ್’. ಅದೇ ತೋಟದ ಲೈನ್‌ಮನೆಯಿಂದ ಬಂದ ಎರವ ಬುಡಕಟ್ಟಿನ ಮುದುಕನಿಗೆ ‘ಏಯ್, ಬಾರೋ ಈಚೆ’. ಅವನ ವಯಸ್ಸು ವೈದ್ಯರ ತಂದೆಯ ವಯಸ್ಸಿಗಿಂತ ಹೆಚ್ಚಿರುತ್ತದೆ. ಹೆರಿಗೆ ನೋವಿನಲ್ಲಿ ಕೂಗಿದವಳಿಗೆ ಗದರಿಕೆ, ಹೊಲಸು ಮಾತು, ಒಮ್ಮೊಮ್ಮೆ ಏಟು. ಮೈ ಮುಟ್ಟದೆ ದೂರದಿಂದಲೇ ಬರೆದು ಎಸೆಯುವ ಚೀಟಿ. ಎಲ್ಲರೆದುರು ‘ಸ್ನಾನ ಮಾಡ್ಕೊಂಡು ಬರಕ್ಕಾಗಲ್ವಾ’ ಎಂಬ ಪ್ರಶ್ನೆ. ಬುರ್ಖಾ ತೊಟ್ಟವಳನ್ನು ಎಷ್ಟು ಮಕ್ಕಳು ಎಂದು ಕೇಳುವ ದನಿಯಲ್ಲೇ ಇರುವ ತೀರ್ಪು. ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಒಡಿಶಾ, ಬಿಹಾರ, ಬಂಗಾಳದ ಕೂಲಿಗೆ ಯಾವ ಮಾತ್ರೆ ಯಾವಾಗ ಎಂದು ತಿಳಿಯುವ ಹಾಗೆ ಹೇಳುವವರೇ ಇಲ್ಲದಿರುವುದು. ಈ ಅನುಭವವಾದ ಹೆಂಗಸು ಮುಂದಿನ ಹೆರಿಗೆಗೆ ಆಸ್ಪತ್ರೆ ಬೇಡ ಎಂದರೆ ಅದನ್ನು ಮೌಢ್ಯ ಎನ್ನಲಾಗದು. ಕಂಡು ಉಂಡದ್ದನ್ನು ನೆನಪಿಟ್ಟುಕೊಂಡ ಮನುಷ್ಯರು ಮಾಡುವ ತೀರ್ಮಾನ ಅದು.

ಆದಿವಾಸಿಗಳ ನೆನಪು ಆಸ್ಪತ್ರೆಗಿಂತ ಹಿಂದಕ್ಕೂ ಹೋಗುತ್ತದೆ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಒಳಕಾಡಿನ ಪೋಡುಗಳಿಂದ ಸೋಲಿಗರನ್ನು ಎಬ್ಬಿಸಿ ಹೊರಗೆ ತಂದು ಕೂರಿಸಿದರು. ಅವರ ಬೇಸಾಯ ನಿಂತಿತು, ಗೆಡ್ಡೆ ಗೆಣಸು ಜೇನಿನ ಊಟ ಪಡಿತರದ ಅಕ್ಕಿಗೆ ಇಳಿಯಿತು. ಅವರ ಸಮುದಾಯ ಅರಣ್ಯ ಹಕ್ಕಿಗೆ ಮನ್ನಣೆ ಸಿಕ್ಕಿದ್ದು 2011ರಲ್ಲಿ. ಮೂರು ತಲೆಮಾರು ಸರ್ಕಾರದ ಸಮವಸ್ತ್ರ ಬಂದಾಗಲೆಲ್ಲ ಏನನ್ನಾದರೂ ಕಳೆದುಕೊಂಡ ಜನ ಸರ್ಕಾರದ ಇನ್ನೊಂದು ಸಮವಸ್ತ್ರವನ್ನು ಕಂಡು ತಕ್ಷಣ ನಂಬಬೇಕೆಂದು ಬಯಸುವುದು ನ್ಯಾಯವಲ್ಲ. ನಂಬಿಕೆ ಗಳಿಸುವ ಭಾರ ಅದನ್ನು ಮುರಿದವರ ಮೇಲಿರುತ್ತದೆ.

ದಾರಿಯ ಮಾತೂ ಇದೆ. ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಊರುಗಳಿಂದ ರೋಗಿಯನ್ನು ಡೋಲಿ ಕಟ್ಟಿ ಹೊತ್ತು ತಂದ ಚಿತ್ರಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಕತ್ತಲಾದರೆ ಆನೆ. ಹೊರಟರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದೂ ಹೋಯಿತು. ಮನೆಯಲ್ಲಿರುವ ಚಿಕ್ಕ ಮಕ್ಕಳನ್ನು ಯಾರು ನೋಡುತ್ತಾರೆ? ತಾಲ್ಲೂಕು ಆಸ್ಪತ್ರೆಯಿಂದ ಮೈಸೂರಿಗೆ ಬರೆದುಕೊಟ್ಟರೆ ಅಲ್ಲಿ ಉಳಿಯುವುದೆಲ್ಲಿ? ಈ ಪ್ರಶ್ನೆಗಳಿಗೆ ಹಣ, ರಸ್ತೆ, ವಾಹನ, ತಂಗುಮನೆ ಬೇಕು. ಸಂಸ್ಕೃತಿಯನ್ನು ದೂರಿದರೆ ಇದಾವುದಕ್ಕೂ ಖರ್ಚು ಮಾಡಬೇಕಿಲ್ಲ. ಮೌಢ್ಯವಾದ ಇಷ್ಟು ಜನಪ್ರಿಯವಾಗಿರುವ ಗುಟ್ಟು ಇಲ್ಲಿದೆ. ಅದು ಹೊಣೆಯನ್ನು ಇಲಾಖೆಯ ತಲೆಯಿಂದ ಇಳಿಸಿ ರೋಗಿಯ ತಲೆಗೆ ಹೊರಿಸುತ್ತದೆ.

ಇನ್ನು ಮೌಢ್ಯ ಯಾರದು ಎಂಬ ಪ್ರಶ್ನೆಗೂ ನೇರವಾಗಿ ಬರೋಣ. ನಗರದ ಖಾಸಗಿ ಆಸ್ಪತ್ರೆಯಲ್ಲಿ ಜ್ಯೋತಿಷಿ ಕೊಟ್ಟ ಗಳಿಗೆಗೆ ಸರಿಯಾಗಿ ಸಿಸೇರಿಯನ್ ಮಾಡಿಸಿಕೊಳ್ಳುವ ಕುಟುಂಬಗಳಿವೆ. ಆಸ್ಪತ್ರೆ ಶಸ್ತ್ರಚಿಕಿತ್ಸೆಯ ಕೋಣೆಯನ್ನು ಆ ಹೊತ್ತಿಗೆ ಕಾದಿರಿಸುತ್ತದೆ. ಅವರಿಗಾಗಿ ಯಾರೂ ಜಾಗೃತಿ ಶಿಬಿರ ನಡೆಸುವುದಿಲ್ಲ, ಸುದ್ದಿಯೂ ಆಗುವುದಿಲ್ಲ. ಹಣವುಳ್ಳವರ ನಂಬಿಕೆ ‘ಸಂಪ್ರದಾಯ’ವಾಗಿ ಆಸ್ಪತ್ರೆಯೊಳಗೆ ಬರುತ್ತದೆ, ಬಡವರ ನಂಬಿಕೆ ‘ಮೌಢ್ಯ’ವಾಗಿ ಹೊರಗೆ ನಿಲ್ಲುತ್ತದೆ. ಕರಾವಳಿಯ ಕೊರಗ ಆದಿವಾಸಿಗಳನ್ನೇ ನೋಡಿ. ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿ ಆ ಸೀಮೆಯಲ್ಲಿತ್ತು. ಅದನ್ನು ನಿಲ್ಲಿಸಲು ಕರ್ನಾಟಕ 2000ದಲ್ಲಿ ಕಾನೂನು ತರಬೇಕಾಯಿತು. ಆ ನಂಬಿಕೆ ಕೊರಗರದಾಗಿರಲಿಲ್ಲ, ಅವರ ಸುತ್ತ ಬದುಕಿದ ಸ್ಥಿತಿವಂತರದಾಗಿತ್ತು. ತಮ್ಮ ಅನಿಷ್ಟವನ್ನು ಇನ್ನೊಬ್ಬರ ಹೊಟ್ಟೆಗೆ ಹಾಕಿದ ಸಮಾಜಕ್ಕೆ ಆ ಇನ್ನೊಬ್ಬರನ್ನೇ ಮೂಢರೆಂದು ಕರೆಯುವ ಹಕ್ಕಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. 2023ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಊರಾಚೆಯ ಗುಡಿಸಲಲ್ಲಿ ಇರಿಸಿದ್ದರು, ಮಳೆ ಚಳಿಯಲ್ಲಿ ಹಸುಗೂಸು ಸತ್ತಿತು. ಇದನ್ನೂ ಗೌರವಿಸಬೇಕೇ ಎಂದು ಕೇಳುತ್ತಾರೆ. ಖಂಡಿತ ಇಲ್ಲ. ಎಳೆಗೂಸಿನ ಹೊಟ್ಟೆಗೆ ಬರೆ ಹಾಕುವುದನ್ನೂ ಸಹಿಸಬಾರದು. ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ಕರ್ನಾಟಕ ಕಾನೂನು ಮಾಡಿದ್ದು ಸರಿಯಾಗಿಯೇ ಇದೆ. ಆದರೆ ನಾನು ಕೇಳುತ್ತಿರುವುದು ಆಚರಣೆಗೆ ಗೌರವವನ್ನಲ್ಲ, ಮನುಷ್ಯರಿಗೆ ಗೌರವವನ್ನು. ಹಟ್ಟಿಯಾಚೆ ಚಳಿಯಲ್ಲಿ ಮಲಗಿದ ಬಾಣಂತಿ ಆ ಪದ್ಧತಿಯನ್ನು ಮಾಡಿದವಳಲ್ಲ, ಅದರಿಂದ ನೊಂದವಳು. ಅವಳ ಮಾತನ್ನು ಕೇಳುವ ನರ್ಸ್ ಬೇಕು. ಬಿಡುಗಡೆ ಮಾಡುವಾಗ ‘ಇಲ್ಲಿಂದ ಹೋಗಿ ಎಲ್ಲಿ ಮಲಗ್ತೀಯಮ್ಮಾ’ ಎಂದು ಕೇಳುವವರು ಬೇಕು. ಆ ಉತ್ತರ ಕೇಳಿ ಇನ್ನಷ್ಟು ದಿನ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುವ ಮನಸ್ಸು ಬೇಕು. ಹಟ್ಟಿಯನ್ನೆಲ್ಲ ಬೈದು ಬಂದ ಅಧಿಕಾರಿಗೆ ಅವಳು ಬಾಯಿ ಬಿಡುವುದಿಲ್ಲ. ಗೌರವ ಇಲ್ಲದೆ ನಿಜ ಹೊರಬರುವುದಿಲ್ಲ, ನಿಜ ತಿಳಿಯದೆ ಕೆಟ್ಟ ಆಚರಣೆಯನ್ನು ಮುರಿಯಲೂ ಆಗುವುದಿಲ್ಲ. ಕೆಟ್ಟದ್ದನ್ನು ಬಿಡಿಸಬೇಕೆನ್ನುವವರಿಗೇ ಗೌರವ ಮೊದಲು ಬೇಕಾಗಿರುವುದು.

ಮೌಢ್ಯವಾದ ಪೂರ್ತಿ ಮೌನವಾಗುವ ಇನ್ನೊಂದು ಜಾಗವಿದೆ. ಆಸ್ಪತ್ರೆಗೆ ಬಾರದವರನ್ನು ಅದು ದೂರುತ್ತದೆ. ಬಂದವರ ಗತಿ ಏನು? ಕೆನಡಾದ ಕ್ಯುಬೆಕ್ ಪ್ರಾಂತದಲ್ಲಿ 2020ರ ಸೆಪ್ಟೆಂಬರ್ 28ರಂದು ಜಾಯ್ಸ್ ಎಷಕ್ವಾನ್ ಎಂಬ ಅಟಿಕಮೆಕ್ ಮೂಲನಿವಾಸಿ ಹೆಂಗಸು ಆಸ್ಪತ್ರೆಯ ಹಾಸಿಗೆಯಲ್ಲೇ ತೀರಿಕೊಂಡಳು. ಏಳು ಮಕ್ಕಳ ತಾಯಿ, ವಯಸ್ಸು 37. ಸಾಯುವ ಮುನ್ನ ಸಿಬ್ಬಂದಿ ತನ್ನನ್ನು ಹೀನಾಯವಾಗಿ ನಿಂದಿಸುತ್ತಿದ್ದುದನ್ನು ಅವಳೇ ತನ್ನ ಫೋನಿನಿಂದ ಜಗತ್ತಿಗೆ ತೋರಿಸಿದಳು. ಆ ಸಾವಿನಲ್ಲಿ ಜನಾಂಗೀಯ ಪೂರ್ವಗ್ರಹದ ಪಾಲಿದೆ ಎಂದು ತನಿಖೆ ನಡೆಸಿದ ಅಧಿಕಾರಿ 2021ರಲ್ಲಿ ವರದಿ ಕೊಟ್ಟರು. ಅವಳಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಅವಳು ನಂಬಿ ಬಂದಿದ್ದಳು.

ನಮ್ಮಲ್ಲಿ ಕುಡುಗೋಲು ಕಣ ರೋಗದ, ಅಂದರೆ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತರೋಗದ ಕತೆಯೂ ಇದಕ್ಕೆ ದೂರವಲ್ಲ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ, 1952ರಲ್ಲಿ. ರಾಷ್ಟ್ರಮಟ್ಟದ ನಿರ್ಮೂಲನಾ ಕಾರ್ಯಕ್ರಮ ಶುರುವಾದದ್ದು 2023ರ ಜುಲೈ 1ರಂದು. ನಡುವೆ 71 ವರ್ಷ. ಈ ಅವಧಿಯುದ್ದಕ್ಕೂ ಮೂಳೆ ಸೀಳುವಂಥ ನೋವು ಹೊತ್ತು ಬಂದ ಆದಿವಾಸಿ ಯುವಕನನ್ನು ಕುಡಿದಿದ್ದಾನೆ, ನಾಟಕ ಮಾಡುತ್ತಾನೆ ಎಂದು ಕಳಿಸುವುದು ಸುಲಭವಾಗಿತ್ತು. ಅವನು ಪರೀಕ್ಷೆ ಬೇಡವೆನ್ನಲಿಲ್ಲ, ಬಹಳ ಕಡೆ ಪರೀಕ್ಷೆಯೇ ಸಿಗುತ್ತಿರಲಿಲ್ಲ. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷಿಸುವ ಗುರಿಯನ್ನು 2023ರ ಆ ಕಾರ್ಯಕ್ರಮ ಇಟ್ಟುಕೊಂಡಿತು. ಯಾರು ರೋಗ ಹೊತ್ತವರು, ಯಾರು ಯಾರನ್ನು ಮದುವೆಯಾದರೆ ಅಪಾಯ ಎಂಬ ಮಾತು ಹಾಡಿಯೊಳಗೆ ಬರುತ್ತಿದೆ. ಅದನ್ನು ಹೇಳುವ ಬಾಯಿ ಒರಟಾದರೆ ಒಂದು ಒಳ್ಳೆಯ ಕಾರ್ಯಕ್ರಮ ಹೊಸ ಕಳಂಕವಾಗಿ ಉಳಿದೀತು.

ಮೌಢ್ಯವಾದವನ್ನು ಬಿಟ್ಟವರು ಕೆಲವರು ಇನ್ನೊಂದು ಸುಲಭದ ಹಾದಿ ಹಿಡಿದಿದ್ದಾರೆ. ಒಂದು ದಿನದ ತರಬೇತಿ, ಒಂದು ಪಟ್ಟಿ. ಈ ಜನ ಇದನ್ನು ತಿನ್ನುವುದಿಲ್ಲ, ಆ ಜನ ಗಂಡು ವೈದ್ಯರಿಗೆ ತೋರಿಸುವುದಿಲ್ಲ, ಇನ್ನೊಬ್ಬರು ರಕ್ತ ಕೊಡಲು ಹೆದರುತ್ತಾರೆ. ಪಟ್ಟಿ ಬಾಯಿಪಾಠವಾದರೆ ಸಂಸ್ಕೃತಿ ತಿಳಿಯಿತು ಎಂಬ ಭ್ರಮೆ ಹುಟ್ಟುತ್ತದೆ. ಎದುರಿಗಿರುವ ವ್ಯಕ್ತಿ ಪಟ್ಟಿಯ ಹಿಂದೆ ಮರೆಯಾಗುತ್ತಾನೆ. ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಾಪೆತಿ ರ‍್ಯಾಮ್ಸ್‌ಡೆನ್ 1980ರ ದಶಕದ ಕೊನೆಯಲ್ಲಿ ‘ಸಾಂಸ್ಕೃತಿಕ ಸುರಕ್ಷತೆ’ ಎಂಬ ವಿಚಾರ ಮುಂದಿಟ್ಟರು, ಮುಂದೆ ಅದು ಆ ದೇಶದ ನರ್ಸಿಂಗ್ ಶಿಕ್ಷಣದ ಭಾಗವಾಯಿತು. ಅವರ ವಿಚಾರದ ತಿರುಳು ಎರಡು ಮಾತಿನಲ್ಲಿದೆ. ನರ್ಸ್ ಮೊದಲು ಓದಬೇಕಾದದ್ದು ತನ್ನ ಅಧಿಕಾರವನ್ನು, ತನ್ನ ಪೂರ್ವಗ್ರಹವನ್ನು. ಆರೈಕೆ ಸುರಕ್ಷಿತವಾಗಿತ್ತೇ ಎಂದು ತೀರ್ಪು ಕೊಡಬೇಕಾದವರು ಅದನ್ನು ಪಡೆದವರು. ನಮ್ಮ ವೈದ್ಯಕೀಯ ಶಿಕ್ಷಣದಲ್ಲಿ 2019ರಿಂದ ನಡತೆ, ನೀತಿ, ಸಂವಹನದ ‘ಏಟ್‌ಕಾಮ್’ ಪಾಠಗಳು ಬಂದಿವೆ. ಒಳ್ಳೆಯದೇ. ಆದರೆ ಪರೀಕ್ಷೆ ಬರೆಯುವವರೂ ವೈದ್ಯರು, ಅಂಕ ಹಾಕುವವರೂ ವೈದ್ಯರು. ಹಾಡಿಯ ಹೆಂಗಸಿಗೆ ಅಂಕ ಹಾಕುವ ಅವಕಾಶ ಇನ್ನೂ ಬಂದಿಲ್ಲ.

ಬೆಳಗಿನ ಒಪಿಡಿಯಲ್ಲಿ ನೂರು ಜನ ಸಾಲು ನಿಂತಿರುವಾಗ ಗೌರವಕ್ಕೆಲ್ಲ ಪುರುಸೊತ್ತು ಎಲ್ಲಿ ಎಂದು ವೈದ್ಯರು ಕೇಳುತ್ತಾರೆ. ಅವರ ಭಾರ ನಿಜ. ಖಾಲಿ ಹುದ್ದೆಗಳನ್ನು ತುಂಬದ ಸರ್ಕಾರ ಅದಕ್ಕೆ ಉತ್ತರ ಕೊಡಬೇಕು. ಆದರೆ ‘ಬಾರೋ’ ಎನ್ನುವುದಕ್ಕೂ ‘ಬನ್ನಿ’ ಎನ್ನುವುದಕ್ಕೂ ಹಿಡಿಯುವ ಸಮಯ ಒಂದೇ. ನೂರು ಜನರ ಸಾಲಿನಲ್ಲಿ ತೋಟದ ಮಾಲೀಕರಿಗೆ ಸಿಗುವ ಪುರುಸೊತ್ತು ಕೂಲಿಯವನಿಗೆ ಸಿಗದೆ ಹೋಗುವುದಕ್ಕೆ ಕೆಲಸದ ಒತ್ತಡ ಕಾರಣವಲ್ಲ.

ಈ ತಪ್ಪು ರೋಗನಿದಾನಕ್ಕೆ ಬೆಲೆ ತೆರುತ್ತಿರುವವರು ಮಕ್ಕಳು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಪರಿಶಿಷ್ಟ ಪಂಗಡಗಳಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 57 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಪರಿಶಿಷ್ಟರೂ ಹಿಂದುಳಿದವರೂ ಅಲ್ಲದ ವರ್ಗಗಳಲ್ಲಿ ಆ ಸಂಖ್ಯೆ 39ರ ಆಸುಪಾಸಿನಲ್ಲಿತ್ತು. ಈ ಅಂತರವನ್ನು ಕರಪತ್ರಗಳಿಂದ ಮುಚ್ಚಲಾಗದು.

ಮಾಡಬೇಕಾದದ್ದು ಸ್ಪಷ್ಟವಾಗಿದೆ. ಹಾಡಿ, ಪೋಡುಗಳ ಸುತ್ತಲಿನ ಪ್ರತಿ ಹೆರಿಗೆ ಕೋಣೆಯಲ್ಲೂ ಸಂಗಾತಿಗೆ ಜಾಗ ಕೊಡಿ, ಕೂತು ಹೆರುವವರಿಗೆ ಕೂರಲು ಬಿಡಿ. ಎಎನ್‌ಎಂ, ನರ್ಸ್, ಆಶಾ ಹುದ್ದೆಗಳಿಗೆ ಅದೇ ಸಮುದಾಯದ ಹೆಣ್ಣುಮಕ್ಕಳನ್ನು ತನ್ನಿ, ಅವರ ಮಾತು ಬಲ್ಲವರು ವಾರ್ಡಿನಲ್ಲಿರಲಿ. ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಹಾಡಿಯ ಹೆಂಗಸರು ಕೂರಲಿ, ಆಸ್ಪತ್ರೆ ನಮ್ಮನ್ನು ಹೇಗೆ ನಡೆಸಿಕೊಂಡಿತು ಎಂಬ ಅವರ ಮಾತು ಕಡತಕ್ಕೆ ಹೋಗಲಿ, ಅದರ ಮೇಲೆ ಕ್ರಮವಾಗಲಿ. ರೋಗಿಗಳಿಗೆ 17 ಹಕ್ಕುಗಳಿವೆ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ಸನ್ನದು ಹೇಳುತ್ತದೆ, ತಾರತಮ್ಯವಿಲ್ಲದ ಚಿಕಿತ್ಸೆ ಅವುಗಳಲ್ಲೊಂದು. ಅದು ಪ್ರತಿ ವಾರ್ಡಿನ ಗೋಡೆಯ ಮೇಲೂ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳುವವರಿರಲಿ. ಪತ್ರಕರ್ತ ಗೆಳೆಯರಲ್ಲೂ ಒಂದು ಕೋರಿಕೆ: ಮುಂದಿನ ಸಲ ಹಾಡಿಯ ಸಾವಿನ ಸುದ್ದಿ ಬರೆಯುವಾಗ ಮೌಢ್ಯ ಎಂದು ಬರೆಯುವ ಮುನ್ನ, ಆ ತಾಯಿ ಹಿಂದೊಮ್ಮೆ ಆಸ್ಪತ್ರೆಗೆ ಹೋಗಿದ್ದಾಗ ಅವಳಿಗೆ ಏನಾಗಿತ್ತು ಎಂದು ಕೇಳಿ. ಉತ್ತರ ಸಿಕ್ಕರೆ ಅದನ್ನೇ ಸುದ್ದಿಯ ತಲೆಬರಹ ಮಾಡಿ.